ಪೂಜೆಗಿಟ್ಟ ಪಿಟೀಲು

ಕಳೆದ ವಾರ ಒಂದು ಪಿಟೀಲಿಗೆ ಮಂಗಳಾರತಿ ಆಗುವುದನ್ನು ನೋಡಿದೆ.

ತಮಾಷೆಯಲ್ಲ. ಗಂಟೆ ಬಾರಿಸಿ, ಕರ್ಪೂರ ಹಚ್ಚಿ, ಕ್ರಮವಾಗಿ ಸುತ್ತಿ ಬೆಳಗಿದ ಆರತಿ. ಆಮೇಲೆ ಆ ತಟ್ಟೆ ನನ್ನ ಮುಂದೆಯೂ ಬಂತು. ನಾನು ಕಣ್ಣಿಗೊತ್ತಿಕೊಂಡೆ. ಎದುರಿಗೆ ಆರತಿ ಬಂದಾಗ ಬೇರೆ ಏನು ಮಾಡುತ್ತೀರಿ? ‘ಕ್ಷಮಿಸಿ, ನಾನು ಈ ದೇವರಿಗೆ ತಂತಿ ಹಾಕಲು ಬಂದವಳು’ ಅನ್ನುತ್ತೀರಾ?

ಅನ್ನಬೇಕಿತ್ತೋ ಏನೋ.

ಈ ಅಂಕಣ ಓದುವವರಿಗೆ ಗೊತ್ತಿದೆ. ನಾನು ಹಗಲು ಕೊಪ್ಪದ ಕಾಲೇಜೊಂದರಲ್ಲಿ ಲೆಕ್ಕ ಹೇಳಿಕೊಡುವವಳು, ಸಂಜೆ ಪಿಟೀಲು ಕುಯ್ಯುವವಳು. (‘ಕುಯ್ಯುವುದು’ ನನ್ನ ಗಂಡನ ಶಬ್ದ. ಮದುವೆಯಾದ ಹೊಸತರಲ್ಲಿ ‘ನುಡಿಸುವುದು’ ಅನ್ನುತ್ತಿದ್ದರು.) ನಮ್ಮ ಕಡೆ ಪಿಟೀಲು ಇರುವ ಮನೆಗಳು ಕಡಿಮೆ. ಅದನ್ನು ರಿಪೇರಿ ಮಾಡುವವರು ಇಲ್ಲವೇ ಇಲ್ಲ. ಹೊಸ ತಂತಿ ಹಾಕುವುದು, ತಂತಿಗಳನ್ನು ಹೊರುವ ಕುದುರೆ ವಾಲಿದರೆ ನೆಟ್ಟಗೆ ನಿಲ್ಲಿಸುವುದು, ತಂತಿ ಬಿಗಿಯುವ ಬಿರಡೆ ಜಾರಿದರೆ ಸೀಮೆಸುಣ್ಣ ಸವರುವುದು. ಇಷ್ಟು ಬಂದರೆ ಸಾಕು, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕಿಗೆ ನೀವೇ ದೊಡ್ಡ ಮೆಕ್ಯಾನಿಕ್. ಹಾಗಾಗಿ ನನಗೆ ಆಗಾಗ ಫೋನು ಬರುತ್ತದೆ.

ಈ ಸಲ ಫೋನು ಮಾಡಿದವರು ಶೃಂಗೇರಿ ಹತ್ತಿರದ ಮೆಣಸೆಯ ರಘುಪತಿ. ನನ್ನ ಗೆಳತಿ ವಸಂತಿಯ ಗಂಡ.

ವಸಂತಿಯೂ ನಾನೂ ಒಂದೇ ಮೇಷ್ಟ್ರ ಶಿಷ್ಯೆಯರು. ಎನ್.ಆರ್. ಪುರದಲ್ಲಿ ಸಂಜೆ ಹೈಸ್ಕೂಲು ಬಿಟ್ಟ ಮೇಲೆ ನೇರ ಮೇಷ್ಟ್ರ ಮನೆಗೆ ಹೋಗುತ್ತಿದ್ದೆವು. ಚಾಪೆಯ ಮೇಲೆ ಅಕ್ಕಪಕ್ಕ ಕೂತು ಒಂದೇ ವರ್ಣ ನುಡಿಸುತ್ತಿದ್ದೆವು. ಅವಳ ಕಮಾನು ತಂತಿಯ ಮೇಲೆ ಬಿದ್ದ ಕೂಡಲೇ ನನಗೆ ನನ್ನ ಪಿಟೀಲನ್ನು ಪೆಟ್ಟಿಗೆಯೊಳಗೆ ಇಟ್ಟುಬಿಡೋಣ ಅನ್ನಿಸುತ್ತಿತ್ತು. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ. ನಾನು ಲೆಕ್ಕದ ಕಡೆ ಹೋದೆ. ಅವಳು ಪಿಟೀಲನ್ನು ಬಿಡಲಿಲ್ಲ. ಮದುವೆಯಾಗಿ ಮೆಣಸೆಗೆ ಬಂದ ಮೇಲೂ ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಶೃಂಗೇರಿಯ ಸುತ್ತಮುತ್ತ ಯಾರೇ ಹಾಡಲಿ ಪಕ್ಕವಾದ್ಯಕ್ಕೆ ಹೋಗುತ್ತಿದ್ದಳು.

ಕಳೆದ ನವರಾತ್ರಿಯವರೆಗೆ.

ನಮ್ಮ ಕಡೆಯ ಶಾಸ್ತ್ರ ನಿಮಗೆ ಗೊತ್ತಲ್ಲ. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕ, ವಾದ್ಯ ಎಲ್ಲವನ್ನೂ ದೇವರ ಕೋಣೆಯಲ್ಲಿ ಶಾರದೆಯ ಮುಂದೆ ಪೂಜೆಗಿಡುತ್ತಾರೆ. ಇಟ್ಟ ಮೇಲೆ ಓದುವಂತಿಲ್ಲ, ನುಡಿಸುವಂತಿಲ್ಲ. (ಶಾಲೆಗೆ ಹೋಗುವಾಗ ನಮಗೆಲ್ಲ ಇದಕ್ಕಿಂತ ಪ್ರಿಯವಾದ ಶಾಸ್ತ್ರ ಬೇರೆ ಇರಲಿಲ್ಲ.) ವಿಜಯದಶಮಿಯ ಬೆಳಿಗ್ಗೆ ಅವನ್ನು ಪೂಜೆಯಿಂದ ತೆಗೆದು, ಒಂದು ಪುಟವನ್ನಾದರೂ ಓದಬೇಕು, ಒಂದು ಸ್ವರವನ್ನಾದರೂ ನುಡಿಸಬೇಕು. ಯಾರು ಇಟ್ಟರೋ ಅವರೇ ತೆಗೆಯಬೇಕು ಅನ್ನುವುದು ವಸಂತಿಯ ಮನೆಯ ಕ್ರಮ.

ಅವಳು ಎಂದಿನಂತೆ ಪಿಟೀಲನ್ನು ಪೂಜೆಗಿಟ್ಟಳು. ತಂತಿ ಸಡಿಲ ಮಾಡಲಿಲ್ಲ. ಎರಡು ಮೂರು ದಿನದ ಮಾತಲ್ಲವೇ? ನವಮಿಯ ಬೆಳಿಗ್ಗೆ ಹೂ ಕಟ್ಟುತ್ತ ಕೂತವಳು ಕೂತಲ್ಲೇ ಪಕ್ಕಕ್ಕೆ ವಾಲಿದಳು. ಸ್ಟ್ರೋಕ್. ಎಡಗಾಲು ಹೋಯಿತು, ಎಡಗೈ ಹೋಯಿತು, ಮಾತು ತೊದಲಾಯಿತು. ದಶಮಿಯ ದಿನ ಅವಳು ಶಿವಮೊಗ್ಗದ ಆಸ್ಪತ್ರೆಯ ಐಸಿಯುನಲ್ಲಿದ್ದಳು. ಪಿಟೀಲು ದೇವರ ಕೋಣೆಯಲ್ಲಿ ಮಣೆಯ ಮೇಲಿತ್ತು. ಇಟ್ಟವಳು ಬರಲಿ, ಗುಣವಾಗಿ ಬಂದು ಅವಳೇ ತೆಗೆಯಲಿ ಅಂತ ಮನೆಯವರು ತೀರ್ಮಾನಿಸಿದರು.

ಪಿಟೀಲಿನವರಿಗೆ ಎಡಗೈ ಅಂದರೆ ಏನು ಅಂತ ಬಿಡಿಸಿ ಹೇಳಬೇಕೆ? ಬಲಗೈ ಕಮಾನು ಎಳೆಯುತ್ತದೆ, ಸರಿ. ಸ್ವರ ಇರುವುದು ಎಡಗೈಯ ಬೆರಳುಗಳಲ್ಲಿ. ಅವಳನ್ನು ಮನೆಗೆ ಕರೆತಂದ ಮೇಲೆ ನಾನು ಒಂದೆರಡು ಸಲ ಹೋಗಿದ್ದೆ. ಹೋದಾಗೆಲ್ಲ ಅವಳಿಗೆ ಮಾತ್ರೆಯ ನಿದ್ದೆ. ಬಾಗಿಲಲ್ಲಿ ನಿಂತು ನೋಡಿ, ತಂದ ಹಣ್ಣು ಕೊಟ್ಟು ವಾಪಸಾಗಿದ್ದೆ.

ಈಗ ರಘುಪತಿ ಫೋನಿನಲ್ಲಿ ಹೇಳಿದ್ದಿಷ್ಟು. ಪಿಟೀಲಿನ ಒಂದು ತಂತಿ ಹೋಗಿದೆ. ಬಂದು ಹಾಕಿಕೊಡಬೇಕು. ಈ ವಿಜಯದಶಮಿಗೆ ಹೇಗಾದರೂ ವಸಂತಿಯ ಕೈಯಿಂದಲೇ ಅದನ್ನು ಪೂಜೆಯಿಂದ ತೆಗೆಸಬೇಕು ಅಂತ ಅವರ ಆಸೆ.

“ಅದನ್ನೇ ಕಾಯ್ತಾ ಇದಾಳೆ ಮಾರಾಯ್ರೆ. ಅದೊಂದು ಆದ್ರೆ ಅವ್ಳಿಗೆ ಜೀವ ಬರತ್ತೆ.”

ನನಗೆ ಖುಷಿಯಾಯಿತು. ಕೈ ಸುಧಾರಿಸಿದೆ ಅಂದುಕೊಂಡೆ. ನನ್ನಲ್ಲಿದ್ದ ಹೊಸ ತಂತಿಯ ಸೆಟ್ಟು, ಕಮಾನಿಗೆ ಹಚ್ಚುವ ರಾಳದ ಗಟ್ಟಿ, ಒಂದು ಮೆತ್ತನೆಯ ಹಳೇ ಪಂಚೆ ತುಂಡು ಎಲ್ಲ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಮೇಷ್ಟ್ರ ನೆನಪು. ಪಾಠದಲ್ಲಿ ತಪ್ಪಿದರೆ ಅವರು ಸುಮ್ಮನಿರುತ್ತಿದ್ದರು, ಪಿಟೀಲಿನ ಆರೈಕೆಯಲ್ಲಿ ತಪ್ಪಿದರೆ ಕೆರಳುತ್ತಿದ್ದರು. ನುಡಿಸಿದ ಮೇಲೆ ಹಲಗೆಯ ಮೇಲೆ ಬಿದ್ದ ರಾಳದ ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಬೇಕು. ಕಮಾನಿನ ತಿರುಪು ಸಡಿಲ ಮಾಡಬೇಕು. ಬಿಸಿಲಿಗೂ ದೀಪಕ್ಕೂ ಹತ್ತಿರ ಇಡಬಾರದು, ಅಂಟು ಬಿಡುತ್ತದೆ. ನೀರು ತಾಗಿಸಬಾರದು, ಆಗಲೂ ಅಂಟು ಬಿಡುತ್ತದೆ. ಥಂಡಿ ಎಳೆಯದಂತೆ ಮಳೆಗಾಲದಲ್ಲಿ ಹುರಿದ ಅಕ್ಕಿಯ ಪುಟ್ಟ ಗಂಟನ್ನು ಪೆಟ್ಟಿಗೆಯ ಮೂಲೆಯಲ್ಲಿ ಇಡಬೇಕು. ಇಷ್ಟೆಲ್ಲ ಹೇಳಿ ಕೊನೆಗೆ, ಇದೆಲ್ಲ ಮರೆತರೂ ಅಡ್ಡಿಯಿಲ್ಲ, ದಿನಾ ನುಡಿಸುವುದನ್ನು ಮರೆಯಬೇಡಿ, ಪಿಟೀಲಿಗೆ ಅದಕ್ಕಿಂತ ದೊಡ್ಡ ಆರೈಕೆ ಇಲ್ಲ ಅನ್ನುತ್ತಿದ್ದರು. ಮೇಷ್ಟ್ರು ಈಗಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಅಂತ ಆ ದಿನ ಅನ್ನಿಸಿತು.

ಮನೆಯಲ್ಲಿ ನನ್ನನ್ನು ಎದುರುಗೊಂಡವರು ಸುಶೀಲಕ್ಕ. ರಘುಪತಿಯ ಅಕ್ಕ. ತಮ್ಮನ ಹೆಂಡತಿ ಮಲಗಿದಳು ಅಂತ ಕಡಹಿನಬೈಲಿನ ತನ್ನ ಮನೆ, ಗಂಡ, ದನಕರು ಎಲ್ಲ ಬಿಟ್ಟು ಬಂದು ನಿಂತವರು. ಇವರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ತಪ್ಪು ತಿಳಿಯಬಾರದು. ವರ್ಷ ಆಗುತ್ತ ಬಂತು, ವಸಂತಿಯ ಬೆನ್ನಿಗೆ ಒಂದು ಹುಣ್ಣಾಗಿಲ್ಲ. ತಲೆ ಬಾಚಿ ಜಡೆ ಹಾಕಿರುತ್ತದೆ. ಹಾಸಿಗೆಯಲ್ಲಿ ವಾಸನೆ ಇಲ್ಲ. ನಾಳೆ ನಾನು ಬಿದ್ದರೆ ನನಗೆ ಅಂಥ ಅತ್ತಿಗೆ ಎಲ್ಲಿಂದ ಬರಬೇಕು?

ಸುಶೀಲಕ್ಕ ನನ್ನ ಕೈಗೆ ಒಗೆದು ಒಣಗಿಸಿದ ಒಂದು ಮಡಿ ಸೀರೆ ಕೊಟ್ಟು ಬಚ್ಚಲಿನ ಕಡೆ ಕೈ ತೋರಿಸಿದರು. ಮೊದಲು ಸ್ನಾನ.

ಎಂತಕ್ಕೆ ಅಂತ ಕೇಳಿದೆ. ಪಿಟೀಲು ಪೂಜೆಯಲ್ಲಿದೆ, ಮಡಿಯಲ್ಲಿ ಅಲ್ಲದೆ ಮುಟ್ಟುವ ಹಾಗಿಲ್ಲ ಅಂದರು. ಹಾಗಾದರೆ ನೀವೇ ಹೊರಗೆ ತಂದು ಕೊಡಿ ಅಂದೆ. ಹೊರಗೆ ತರುವ ಹಾಗೂ ಇಲ್ಲ. ಮಣೆಯಿಂದ ಎತ್ತುವ ಹಾಗೇ ಇಲ್ಲ. ಅದನ್ನು ಎತ್ತುವುದು ವಸಂತಿ, ವಿಜಯದಶಮಿಯ ದಿನ. ನಾನು ಒಳಗೆ ಹೋಗಿ, ಇದ್ದಲ್ಲೇ ತಂತಿ ಹಾಕಿ ಬರಬೇಕು.

ಸೈಕಲ್ಲನ್ನು ನೆಲದಿಂದ ಎತ್ತದೆ ಪಂಕ್ಚರ್ ಹಾಕಿ ಅಂದ ಹಾಗಾಯಿತು. ಆದರೂ ಸ್ನಾನ ಮಾಡಿದೆ. ಮಡಿ ಸೀರೆ ಉಟ್ಟೆ. ಮಂಗಳಾರತಿ ತೆಗೆದುಕೊಂಡೆ. ಆಮೇಲೆ ದೇವರ ಕೋಣೆಗೆ ಹೋಗಿ ಪಿಟೀಲಿನ ಮುಂದೆ ಕೂತೆ.

ಮೊದಲಿಗೆ ಪಿಟೀಲು ಕಾಣಿಸಲೇ ಇಲ್ಲ. ಕಂಡದ್ದು ಹೂವು. ದಾಸವಾಳ, ತುಂಬೆ, ಹಿಂದಿನ ದಿನದ ಸೇವಂತಿಗೆ ಮಾಲೆ. ಒಂದೊಂದಾಗಿ ತೆಗೆದೆ. ತಲೆಯ ಸುರುಳಿಗೆ ದಪ್ಪನೆಯ ಕುಂಕುಮ. ಎದೆಯ ಹಲಗೆಗೆ ಗಂಧ, ಪದರ ಪದರ, ಒಣಗಿ ಬಿರುಕು ಬಿಟ್ಟದ್ದು. ಪಕ್ಕದಲ್ಲೇ ನಂದಾದೀಪ. ಅದರ ಬಿಸಿ ತಾಗುವ ಕಡೆ ಅಂಚಿನ ಅಂಟು ಬಿಟ್ಟು ಹಲಗೆ ಬಾಯಿ ತೆರೆದಿತ್ತು. ದಿನವೂ ತೀರ್ಥ ಪ್ರೋಕ್ಷಣೆಯಾಗುವ ಇನ್ನೊಂದು ಕಡೆಯೂ ಅದೇ ಕಥೆ. ಕತ್ತು ಮುಂದಕ್ಕೆ ಬಾಗಿತ್ತು. ಸಣ್ಣ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಉಳಿದವು ಸಡಿಲಾಗಿ ಜೋತಿದ್ದವು. ಅವನ್ನು ಎತ್ತಿ ಹಿಡಿಯಬೇಕಾದ ಕುದುರೆ ಬಿದ್ದು ಹೂವಿನ ಅಡಿಯಲ್ಲಿತ್ತು. ಅದು ಬಿದ್ದ ಪೆಟ್ಟಿಗೆ ಎದೆಯ ಹಲಗೆಯಲ್ಲಿ ಉದ್ದಕ್ಕೆ ಒಂದು ಸೀಳು. ಕಮಾನಿನ ಕೂದಲನ್ನು ಹುಳು ತಿಂದು ಮುಗಿಸಿತ್ತು.

ನಾದ ಹೊರಬರಲು ಹಲಗೆಯಲ್ಲಿ ಕೊರೆದಿರುವ ಕಿಂಡಿಗೆ ಮೊಬೈಲಿನ ಟಾರ್ಚು ಹಿಡಿದೆ. ಪಿಟೀಲಿನ ಹೊಟ್ಟೆಯೊಳಗೆ, ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವೆ ಒಂದು ಪುಟ್ಟ ಮರದ ಕಡ್ಡಿ ನಿಲ್ಲಿಸಿರುತ್ತಾರೆ. ನಾದ ಒಳಗೆ ಇಳಿಯುವುದು ಅದರ ಮೂಲಕ. ಅಂಟು ಹಾಕಿರುವುದಿಲ್ಲ, ತಂತಿಗಳ ಬಿಗಿಯೇ ಅದನ್ನು ನಿಲ್ಲಿಸಿರುತ್ತದೆ. ಬಿಗಿ ಹೋದರೆ ಬೀಳುತ್ತದೆ. ಬಿದ್ದಿತ್ತು. ಬಿದ್ದ ಕಡ್ಡಿಯ ಸುತ್ತ ಒಳಗೆಲ್ಲ ಅಕ್ಕಿ.

ಅಕ್ಷತೆ, ಮಾರಾಯ್ರೆ. ದಿನಾ ಎರಡು ಹೊತ್ತು ಭಕ್ತಿಯಿಂದ ಹಾಕಿದ ಅಕ್ಷತೆ ಕಿಂಡಿಯೊಳಗೆ ಇಳಿದು ಇಳಿದು ತುಂಬಿತ್ತು. ಅರಿಶಿನದ ಬಣ್ಣ ಇನ್ನೂ ಇತ್ತು. ಅಕ್ಕಿಯಲ್ಲಿ ಹುಳು ಹರಿದಾಡುತ್ತಿತ್ತು.

ಈ ಪಿಟೀಲನ್ನು ಯಾರೂ ನಿರ್ಲಕ್ಷ್ಯ ಮಾಡಿರಲಿಲ್ಲ. ಅಟ್ಟಕ್ಕೆ ಎಸೆದಿರಲಿಲ್ಲ, ಮಕ್ಕಳ ಕೈಗೆ ಕೊಟ್ಟಿರಲಿಲ್ಲ. ಒಂದು ದಿನವೂ ತಪ್ಪದೆ ನೋಡಿಕೊಂಡಿದ್ದರು. ನಾವು ತುಂಬ ಚೆನ್ನಾಗಿ ನೋಡಿಕೊಳ್ಳುವ ವಸ್ತುಗಳ ಗತಿ ಹೆಚ್ಚುಕಡಿಮೆ ಇದೇ ಅಲ್ಲವೇ? ಮದುವೆಯ ರೇಷ್ಮೆ ಸೀರೆ ಉಡದೆ ಉಡದೆ ಮಡಿಕೆಯಲ್ಲೇ ಹರಿಯುತ್ತದೆ. ನೆಂಟರು ಬಂದಾಗ ಇರಲಿ ಅಂತ ಎತ್ತಿಟ್ಟ ಪಿಂಗಾಣಿ ಸೆಟ್ಟಿನಲ್ಲಿ ಜೇಡ ಮರಿ ಮಾಡುತ್ತದೆ. ನಮ್ಮ ಮನೆಯ ರಿಮೋಟಿಗೆ ಹಾಕಿದ ಪ್ಲಾಸ್ಟಿಕ್ ಕವರಿನ ಮೇಲೆ ಈಗ ಒಂದು ನಂಬರೂ ಕಾಣುವುದಿಲ್ಲ. ನಗಬೇಡಿ, ನಿಮ್ಮ ಮನೆಯದ್ದೂ ಹಾಗೇ ಇರುತ್ತದೆ.

ರಘುಪತಿ ಹೊಸ್ತಿಲಾಚೆ ನಿಂತಿದ್ದರು. ಆಯ್ತಾ ಅಂತ ಕೇಳಿದರು. ಇದಕ್ಕೆ ತಂತಿ ಹಾಕಲು ಆಗುವುದಿಲ್ಲ ಅಂದೆ. ಹಾಕಿದರೆ ಉಳಿದದ್ದೂ ಕಿತ್ತುಕೊಂಡು ಬರುತ್ತದೆ. ಬೆಂಗಳೂರಿಗೋ ಮದರಾಸಿಗೋ ಒಯ್ದು, ಪೂರ್ತಿ ಬಿಚ್ಚಿಸಿ, ಮತ್ತೆ ಕೂಡಿಸಬೇಕು. ಅದಕ್ಕೂ ಮೊದಲು ಈ ಮಣೆಯಿಂದ, ಈ ದೀಪದ ಬುಡದಿಂದ ತೆಗೆಯಬೇಕು. ಇವತ್ತೇ.

ಅವರು ಒಂದು ಹೆಜ್ಜೆ ಹತ್ತಿರ ಬಂದು ಧ್ವನಿ ತಗ್ಗಿಸಿದರು.

“ಅವ್ಳಿಗೆ ಇದೆಲ್ಲ ಹೇಳ್ಬೇಡಿ ಮಾರಾಯ್ರೆ. ಆ ಪಿಟೀಲಿನ ಆಸೇಲಿ ಬದುಕಿದಾಳೆ.”

ಈ ರಘುಪತಿಗೆ ಶೃಂಗೇರಿ ಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುತ್ತಲ ತೋಟದವರ ಪಂಪ್‌ಸೆಟ್ಟುಗಳೆಲ್ಲ ರಿಪೇರಿಗೆ ಅಲ್ಲಿಗೇ ಹೋಗುತ್ತವೆ. ಅವರು ಪ್ರತಿ ಗಿರಾಕಿಗೂ ತಪ್ಪದೆ ಹೇಳುವ ಮಾತೊಂದಿದೆ. ಮಳೆಗಾಲದಲ್ಲಿ ನೀರು ಬೇಡ ಅಂತ ಮೋಟರನ್ನು ಸುಮ್ಮನೆ ಬಿಡಬೇಡಿ, ವಾರಕ್ಕೊಮ್ಮೆಯಾದರೂ ಓಡಿಸಿ, ಇಲ್ಲದಿದ್ದರೆ ಜಾಮ್ ಆಗುತ್ತದೆ. ನಮ್ಮ ಮನೆಯ ಮೋಟರಿಗೂ ಹೀಗೇ ಹೇಳಿದ್ದರು. ಅದನ್ನು ನೆನಪಿಸಿದೆ. ಪಂಪ್‌ಸೆಟ್ಟು ಬೇರೆ, ದೇವರು ಬೇರೆ ಅನ್ನುವ ಹಾಗೆ ಅವರು ನನ್ನನ್ನು ನೋಡಿದರು.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ವಸಂತಿ ನನ್ನ ಹೆಸರು ಹಿಡಿದು ಕರೆದಳು.

ದೇವರ ಕೋಣೆಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ಆ ಗೋಡೆ ದಾಟಲು ಅವಳಿಗೆ ಒಂದು ವರ್ಷದಿಂದ ಆಗಿಲ್ಲ. ನಡೆಯಲು ಆಗುವುದಿಲ್ಲ ಅನ್ನುವುದೊಂದೇ ಕಾರಣವಲ್ಲ. ಗಾಲಿಕುರ್ಚಿ ಇದೆ, ಜಗಲಿಗೆ ಅದರಲ್ಲೇ ಕರೆತರುತ್ತಾರೆ. ಆದರೆ ಅವಳಿಗೆ ಡೈಪರ್ ಹಾಕಿರುತ್ತಾರೆ. ಮಡಿಯಾಗುವುದು ಹೇಗೆ? ದೇವರ ಕೋಣೆಗೆ ಹೋಗುವುದು ಹೇಗೆ? ಹಾಗಾದರೆ ವಿಜಯದಶಮಿಗೆ ಅವಳು ಪಿಟೀಲು ಎತ್ತುವುದು ಹೇಗೆ ಅಂತ ಯಾರೂ ಯೋಚಿಸಿದಂತಿರಲಿಲ್ಲ. ಅವಳ ಪಿಟೀಲು ದೇವರಾದ ದಿನದಿಂದ ಅದನ್ನು ಮುಟ್ಟುವ ಅರ್ಹತೆ ಆ ಮನೆಯಲ್ಲಿ ಎಲ್ಲರಿಗೂ ಬಂತು, ಅವಳೊಬ್ಬಳಿಗೆ ಹೋಯಿತು.

ಬಾಗಿಲಲ್ಲೇ ನಿಂತು ಮಾತಾಡಿ, ಮುಟ್ಟಿದರೆ ಮತ್ತೆ ಸ್ನಾನ ಆಗಬೇಕು ಅಂತ ಸುಶೀಲಕ್ಕ ಹಿಂದಿನಿಂದ ಹೇಳಿದರು. ನಾನು ಒಳಗೆ ಹೋಗಿ ವಸಂತಿಯ ಮಂಚದ ಮೇಲೆ ಕೂತೆ.

ಮುಖ ಒಂದು ಕಡೆಗೆ ಸ್ವಲ್ಪ ಜಾರಿದೆ. ಕಣ್ಣು ಹಳೇ ವಸಂತಿಯದ್ದೇ. ಎಡಗೈಯನ್ನು ಥಂಡಿಯಾಗದಂತೆ ಶಾಲಿನಲ್ಲಿ ಸುತ್ತಿಟ್ಟಿದ್ದರು. ನಾನು ಶಾಲು ಬಿಡಿಸಿದೆ. ಮಣಿಕಟ್ಟು ಒಳಕ್ಕೆ ಮಡಚಿಕೊಂಡಿತ್ತು. ಬೆರಳುಗಳು ಮುಷ್ಟಿ ಕಟ್ಟಿದ್ದವು. ಉಗುರು ಅಂಗೈಗೆ ಚುಚ್ಚದಂತೆ ಮುಷ್ಟಿಯೊಳಗೆ ಮೆತ್ತನೆಯ ಬಟ್ಟೆಯ ಸುರುಳಿ ಇಟ್ಟಿದ್ದರು. ಉಗುರುಗಳನ್ನು ಚಂದವಾಗಿ ಕತ್ತರಿಸಿದ್ದರು. ಎಷ್ಟು ಅಕ್ಕರೆಯಿಂದ ನೋಡಿಕೊಂಡ ಕೈ ಅದು. ಅಷ್ಟೇ ಸತ್ತ ಕೈ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಹೇಳಿ ಕಳಿಸಿದ್ದರಂತೆ, ಈ ಕೈಗೆ ದಿನಾ ಕೆಲಸ ಕೊಡಿ. ಬಿಡಿಸಿ, ಮಡಿಸಿ, ಅಕ್ಕಿ ಹೆಕ್ಕಿಸಿ, ಹಿಟ್ಟು ನಾದಿಸಿ. ಫಿಸಿಯೋಥೆರಪಿಗೆ ಅಂತ ಒಬ್ಬ ಹುಡುಗಿ ಸ್ವಲ್ಪ ದಿನ ಮನೆಗೂ ಬಂದಳು. ಅವಳು ಬೆರಳು ಬಿಡಿಸಿದಾಗ ವಸಂತಿ ನೋವಿಗೆ ಅತ್ತಳು. ಸುಶೀಲಕ್ಕನಿಗೂ ಅಳು ಬಂತು. ರಘುಪತಿಗೆ ನೋಡಲಾಗಲಿಲ್ಲ. ಪಾಪ, ಇರುವ ನೋವೇ ಸಾಕು ಅಂತ ಆ ಹುಡುಗಿಗೆ ನಾಳೆಯಿಂದ ಬರಬೇಡ ಅಂದರು. ಆಮೇಲೆ ವಸಂತಿಯ ಬಲಗೈಗೂ ಕೆಲಸ ಉಳಿಯಲಿಲ್ಲ. ತುತ್ತು ಮಾಡಿ ಬಾಯಿಗಿಡುವವರು ಸುಶೀಲಕ್ಕ. ಲೋಟ ಹಿಡಿಯುವವರು ಸುಶೀಲಕ್ಕ. ಮುಖದ ಮೇಲೆ ಕೂತ ನೊಣ ಓಡಿಸುವವರೂ ಸುಶೀಲಕ್ಕ.

“ಪಿಟೀಲು ಹೆಂಗಿದೆ?” ಅಂತ ವಸಂತಿ ಕೇಳಿದಳು.

ನಾನು ಬಾಗಿಲ ಕಡೆ ನೋಡಿದೆ. ರಘುಪತಿ ತಲೆ ಅಲ್ಲಾಡಿಸುತ್ತಿದ್ದರು, ಬೇಡ, ಬೇಡ. ನನಗೆ ಸುಳ್ಳು ಬರುತ್ತದೆ, ಆದರೆ ವಸಂತಿಯ ಹತ್ತಿರ ಪಿಟೀಲಿನ ವಿಷಯದಲ್ಲಿ ಬರುವುದಿಲ್ಲ.

ಅವಳೇ ಹೇಳಿದಳು. ಒಂದೊಂದು ಮಾತಿಗೂ ತಡೆದು ತಡೆದು, ಅಕ್ಷರ ಜೋಡಿಸಿ ಜೋಡಿಸಿ.

“ಸಣ್ಣ ತಂತಿ ಕಡ್ದಿದ್ದು ಕೇಳಿಸ್ತು. ಅವತ್ತು ಅತ್ತಿಗೆ ನಂಗೆ ಗಂಜಿ ತಿನ್ನಿಸ್ತಿದ್ರು. ಆಮೇಲೆ ಕುದ್ರೆ ಬಿತ್ತು. ಅದರ ಹಿಂದೇ ಒಳಗಿನ ಕಡ್ಡೀನೂ ಬಿತ್ತು. ಎಲ್ಲ ಕೇಳಿಸ್ತು.”

ಮನೆಗೆ ಬಂದ ಮೊದಲ ತಿಂಗಳಲ್ಲೇ ತಂತಿ ಸಡಿಲ ಮಾಡಿ, ಗಂಧ ಹಚ್ಚಬೇಡಿ ಅಂತ ಅವಳು ಹೇಳಿದ್ದಳಂತೆ. ಬಾಯಿ ಆಗ ಇನ್ನೂ ತೊದಲುತ್ತಿತ್ತು. ಮಗುವಿಗೆ ಹೇಳುವ ಹಾಗೆ ಆಯ್ತಮ್ಮ, ಆಯ್ತು ಅಂತ ತಲೆ ಸವರಿದರಂತೆ. ಎರಡನೇ ಸಲ ಹೇಳಿದಾಗ ಪೂಜೆಗಿಟ್ಟದ್ದನ್ನು ಮುಟ್ಟಬಾರದು, ನೀನು ಬೇಗ ಗುಣವಾಗಿ ನೀನೇ ತೆಗಿ ಅಂದರಂತೆ. ಮೂರನೇ ಸಲ ಅವಳು ಹೇಳಲಿಲ್ಲ. ಗೋಡೆಯ ಈಚೆ ಮಲಗಿ ಕೇಳಿಸಿಕೊಂಡಳು.

ಆಸೆಯಲ್ಲಿ ಬದುಕಿದ್ದಾಳೆ ಅಂತ ರಘುಪತಿ ಹೇಳಿದ್ದರಲ್ಲ? ಆಸೆ ಇದ್ದದ್ದು ಅವರಿಗೆ.

“ತಂದ್ಕೊಡು ಗೌರಿ,” ಅಂದಳು. “ನಂಗೆ ಒಂದ್ಸಲ ಮುಟ್ಬೇಕು.”

ನಾನು ಅವಳನ್ನು ಮುಟ್ಟಿದ್ದೆ. ಅವಳ ಹಾಸಿಗೆಯ ಮೇಲೆ ಕೂತಿದ್ದೆ. ಮಡಿ ಆಗಲೇ ಹೋಗಿತ್ತು. ಅದೇ ಮೈಯಲ್ಲಿ ಎದ್ದು ದೇವರ ಕೋಣೆಗೆ ಹೋದೆ. ಸುಶೀಲಕ್ಕ ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ಗೋಡೆಗೆ ಸರಿದು ನಿಂತರು. ಬೈಯಲಿಲ್ಲ, ತಡೆಯಲಿಲ್ಲ. ನಾನು ಹೊಸ್ತಿಲು ದಾಟಿ ಮಣೆಯಿಂದ ಪಿಟೀಲನ್ನು ಎತ್ತಿಕೊಂಡೆ. ಎತ್ತುವಾಗ ಒಳಗಿನ ಅಕ್ಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರಿದ ಸದ್ದಾಯಿತು. ಒಂದು ವರ್ಷದಲ್ಲಿ ಯಾರಾದರೂ ಎತ್ತಿ ಅದರಿಂದ ಸದ್ದು ಬಂದದ್ದು ಅದೇ ಮೊದಲು.

ವಸಂತಿಯ ಮಡಿಲಲ್ಲಿಟ್ಟೆ. ಅವಳು ಬಲಗೈಯಿಂದ ಪಿಟೀಲಿನ ತಲೆಯ ಕುಂಕುಮ ಒರೆಸಿದಳು. ನೈಟಿಯ ತುದಿ ಹಿಡಿದು ಹಲಗೆಯ ಗಂಧ ಉಜ್ಜಿದಳು. ಸೀಳಿನ ಮೇಲೆ ಬೆರಳಾಡಿಸಿದಳು. ಬಗ್ಗಿ ಮೂಸಿ ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ, ಸಿಟ್ಟು ಬಂದಿತ್ತು. ಆಮೇಲೆ ಕಣ್ಣಲ್ಲೇ ಎಡಗೈ ತೋರಿಸಿದಳು. ನನಗೆ ಅರ್ಥವಾಯಿತು.

ಪಿಟೀಲಿನ ಕತ್ತನ್ನು ಅವಳ ಎಡಗೈ ಹತ್ತಿರ ತಂದೆ. ಬಟ್ಟೆಯ ಸುರುಳಿ ತೆಗೆದು ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಒದ್ದೆಯಲ್ಲಿ ಜಾಮ್ ಆದ ಬಿರಡೆಯಂತೆ ಬಿಗಿದಿದ್ದವು. ಅವಳ ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ನಾನು ನಿಲ್ಲಿಸಿದೆ.

“ತೆಗಿ. ಇನ್ನೂ ತೆಗಿ,” ಅಂದಳು.

ಇನ್ನೂ ಬಿಡಿಸಿದೆ. ತೋರುಬೆರಳಿನ ತುದಿ ತಂತಿ ಇರಬೇಕಾದ ಜಾಗಕ್ಕೆ ತಾಗಿತು. ಇಷ್ಟು ದಿನದ ನಂತರ ಅವಳ ಬೆರಳು ಆ ಮರವನ್ನು ಮುಟ್ಟಿತು. ಅವಳ ಬಾಯಿಂದ ನರಳುವ ಸ್ವರ ಬಂತು, ಬಂದೇ ಬಂತು.

ಸುಶೀಲಕ್ಕನಿಗೆ ತಡೆಯಲಾಗಲಿಲ್ಲ. ಬುಟ್ಟಿ ಅಲ್ಲೇ ಬಿಟ್ಟು ಓಡಿ ಬಂದು ನನ್ನ ಕೈಯಿಂದ ಆ ಕೈಯನ್ನು ಕಿತ್ತುಕೊಂಡರು. ಕೂಸಿಗೆ ನೋವಾಗ್ತಿದೆ, ನಿಮಗೆ ಕಣ್ಣಿಲ್ವಾ ಅಂದರು. ಬಿಡಿ ಅತ್ತಿಗೆ, ಬಿಡಿ ಅಂತ ವಸಂತಿ ಹೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸುಶೀಲಕ್ಕನಿಗೆ ಕೇಳಿಸಿದ್ದು ಅಳು ಮಾತ್ರ. ಆಯ್ತಮ್ಮ, ಆಯ್ತು ಅನ್ನುತ್ತಲೇ ಬೆರಳು ಮಡಿಸಿ, ಬಟ್ಟೆಯ ಸುರುಳಿ ಇಟ್ಟು, ಶಾಲು ಸುತ್ತಿದರು. ಅವರೂ ಅಳುತ್ತಿದ್ದರು.

ರಘುಪತಿ ಪಿಟೀಲನ್ನು ಅವಳ ಮಡಿಲಿನಿಂದ ಎತ್ತಿಕೊಂಡು ನನಗೆ, ಸಾಕು, ನೀವಿನ್ನು ಹೊರಡಿ ಅಂದರು. ಪಿಟೀಲನ್ನಾದರೂ ನನಗೆ ಕೊಡಿ, ಬಿಚ್ಚಿಸಿ ಕೂಡಿಸಿ ತಂದುಕೊಡುತ್ತೇನೆ ಅಂದೆ. ಮನೆಯಿಂದ ಆಚೆ ಹೋಗುವ ಹಾಗಿಲ್ಲ ಅಂದರು. ಬಚ್ಚಲಿಗೆ ಹೋಗಿ ನನ್ನ ಬಟ್ಟೆ ಹಾಕಿಕೊಂಡು ಬಂದೆ. ಕಾಫಿ ಕುಡಿದು ಹೋಗಿ ಅಂತ ಸುಶೀಲಕ್ಕ ಆಗಲೂ ಹೇಳಿದರು. ಅವರ ಸ್ವಭಾವವೇ ಅದು.

ಜಗಲಿ ಇಳಿಯುವಾಗ ವಸಂತಿಯ ಕೋಣೆಯ ಕಿಟಕಿ ಕಾಣುತ್ತದೆ. ನಾನು ಆ ಕಡೆ ನೋಡಲಿಲ್ಲ. ನೋಡಿ ಏನು ಹೇಳಲಿ?

ಕೊಪ್ಪಕ್ಕೆ ಬಂದು ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಸ್ಟ್ರೋಕ್ ಆದ ಮೇಲೆ ಮೊದಲ ಕೆಲವು ತಿಂಗಳು ಬಂಗಾರದಂಥವು, ಆಗ ದುಡಿಸಿದ ಕೈ ಬಹಳಷ್ಟು ವಾಪಸು ಬರುತ್ತದೆ ಅಂದರು. ವರ್ಷವಾಗುತ್ತ ಬಂದರೆ? ಕಷ್ಟ. ಆದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ದಿನಾ ಮಾಡಿಸಿದರೆ ಬೆರಳು ಸ್ವಲ್ಪವಾದರೂ ಬಿಟ್ಟೀತು, ತಾನೇ ಲೋಟ ಹಿಡಿಯುವಷ್ಟಾದರೂ ಆದೀತು. ಪಿಟೀಲು? ಅವರು ನನ್ನ ಮುಖ ನೋಡಿ, ಮುಂದಿನ ರೋಗಿಯನ್ನು ಕರೆದರು.

ಮನೆಗೆ ಹೋಗಿ ನನ್ನ ಪಿಟೀಲು ತೆಗೆದೆ. ಶ್ರುತಿ ಮಾಡಿದೆ. ನುಡಿಸಲು ಆಗಲಿಲ್ಲ. ಗಂಡ ಬಂದು, ಇವತ್ತು ಕುಯ್ಯಲ್ವಾ ಅಂತ ಕೇಳಿದರು. ಆ ದಿನ ಅವರ ತಮಾಷೆಗೂ ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಯಾರಾದರೂ ಬೈದು, ಗೇಲಿ ಮಾಡಿ, ಕುಯ್ಯಿ ಅನ್ನುತ್ತಿರುವುದು ಎಷ್ಟು ದೊಡ್ಡ ಪುಣ್ಯ. ವಸಂತಿಗೆ ಒಂದು ವರ್ಷದಿಂದ ಯಾರೂ ಯಾವ ಕೆಲಸವನ್ನೂ ಹೇಳಿಲ್ಲ.

ಪ್ರೀತಿ ಕಡಿಮೆಯಾಗಿ ಹಾಳಾದವರ ಕಥೆ ನಮಗೆ ಅರ್ಥವಾಗುತ್ತದೆ. ಯಾರನ್ನು ಬೈಯಬೇಕು ಅಂತ ಗೊತ್ತಿರುತ್ತದೆ. ಇಲ್ಲಿ ಯಾರನ್ನು ಬೈಯಲಿ? ಮನೆ ಮಠ ಬಿಟ್ಟು ಬಂದು ಹೇಲು ಉಚ್ಚೆ ಬಳಿಯುವ ಸುಶೀಲಕ್ಕನನ್ನೇ? ಹೆಂಡತಿಯ ನೋವು ನೋಡಲಾರದ ರಘುಪತಿಯನ್ನೇ? ಬೈದು ಮುಗಿಸಿ ಕೈ ತೊಳೆದುಕೊಳ್ಳಲೂ ಆಗದ ಸಂಕಟ ಇದು.

ಮೊನ್ನೆ ಮತ್ತೆ ರಘುಪತಿಯ ಫೋನು ಬಂತು. ಸಿಟ್ಟಿರಲಿಲ್ಲ. ನನಗೆ ಬೇಸರವಾಗಿರಬಹುದು ಅಂತಲೇ ಮಾಡಿದ್ದರು. ಮೈಲಿಗೆಯಾದ್ದಕ್ಕೆ ಪುಣ್ಯಾಹ ಮಾಡಿಸಿದರಂತೆ. ಪಿಟೀಲನ್ನು ಶುದ್ಧ ಮಾಡಿ ಮತ್ತೆ ಮಣೆಯ ಮೇಲೆ ಇಟ್ಟಿದ್ದಾರೆ. (ಶುದ್ಧ ಮಾಡಿದ್ದು ಹೇಗೆ ಅಂತ ನಾನು ಕೇಳಲಿಲ್ಲ. ನೀರು ಹಾಕಿಯೇ ಇರಬೇಕು.) ಈ ವಿಜಯದಶಮಿಗೆ ತೆಗೆಸುವುದು ಬೇಡ ಅಂತ ಈಗ ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ. ಆ ದಿನ ಅವಳಿಗೆ ತುಂಬ ತ್ರಾಸಾಯಿತಲ್ಲ, ಪೂರ್ತಿ ಗುಣವಾಗಲಿ, ಬರುವ ವರ್ಷ ನೋಡೋಣ. ಅಲ್ಲಿಯವರೆಗೆ ಪೂಜೆಗೆ ಏನೂ ಕಮ್ಮಿಯಾಗದಂತೆ ನಾವು ನೋಡಿಕೊಳ್ಳುತ್ತೇವೆ ಅಂದರು.

ಫಿಸಿಯೋಥೆರಪಿಯ ಹುಡುಗಿಯನ್ನು ಮತ್ತೆ ಕರೆಸಿದ್ರಾ ಅಂತ ಕೇಳಿದೆ.

“ಅಳ್ತಾಳೆ ಮಾರಾಯ್ರೆ. ನೋಡಕ್ಕಾಗಲ್ಲ.”

ಪಿಟೀಲಿಗೆ ಎರಡು ಹೊತ್ತೂ ಮಂಗಳಾರತಿ ಆಗುತ್ತಿದೆ. ಅವಳನ್ನು ಅಳಿಸಿಯಾದರೂ ಆ ಎಡಗೈಯನ್ನು ದಿನಕ್ಕೊಮ್ಮೆ ಬಿಡಿಸುವಷ್ಟು ಪ್ರೀತಿ ಆ ಮನೆಯಲ್ಲಿ ಯಾರಿಗಿದೆ?